ನಾಲ್ಕು ಗಂಟೆಯ ಕರ್ಮಯೋಗ

ಯೋಗ ಶಿಕ್ಷಕರ ಕೋರ್ಸ್ ಮುಗಿಸೋಕೆ ನನಗೆ ಒಂದೇ ಒಂದು ಕಾಗದ ಬಾಕಿ ಇತ್ತು. ಆಸನ, ಪ್ರಾಣಾಯಾಮ, ಬರೆಯುವ ಪರೀಕ್ಷೆ ಎಲ್ಲ ಆಗಿತ್ತು. ಕರ್ಮಯೋಗ ಮಾತ್ರ ನಾಲ್ಕು ಗಂಟೆ ಉಳಿದಿತ್ತು. ಎಲ್ಲಾದರೂ ಸೇವೆ ಮಾಡಬೇಕು, ಎಷ್ಟು ಹೊತ್ತು ಮಾಡಿದೆ ಅಂತ ಅಲ್ಲಿಯವರಿಂದ ಫಾರ್ಮಿನಲ್ಲಿ ಬರೆಸಿ ಸಹಿ ಹಾಕಿಸಿ ತರಬೇಕು. ಫಲ ಬಯಸದೆ ಕೆಲಸ ಮಾಡು ಅನ್ನುವ ಪಾಠಕ್ಕೆ ಹಾಜರಿ ಬೇರೆ! ಆಗ ನನಗೇನೂ ಹಾಗನ್ನಿಸಲಿಲ್ಲ ಬಿಡಿ. ಸರ್ಟಿಫಿಕೇಟ್ ಸಿಕ್ಕರೆ ಸಾಕಾಗಿತ್ತು.

ದಸರಾ ರಜೆಗೆ ಬೀದರಿನ ಅಕ್ಕನ ಮನೆಗೆ ಹೋದಾಗ ಫಾರ್ಮನ್ನೂ ಬ್ಯಾಗಿಗೆ ಹಾಕಿಕೊಂಡೆ. ಅಕ್ಕನ ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಸೇವಾ ಮಾಡ್ಲಿಕ್ಕೂ ಫಾರ್ಮ್ ಅದ ಏನವ್ವಾ? ನಮ್ಮ ಕಲ್ಯಾಣದಾಗ ದಾಸೋಹ ಮಾಡಿದವರು ಲೆಕ್ಕಾ ಬರದಿಟ್ಟಾರೇನು?"

ಬಸವಕಲ್ಯಾಣ ಅವರ ತವರು. ನಾನು ಸುಮ್ನೆ ನಕ್ಕು, ದುಪಟ್ಟಾ ತಗೊಂಡು ಗುರುದ್ವಾರಕ್ಕೆ ಹೊರಟೆ.

ನಾನಕ್ ಝೀರಾ ಸಾಹಿಬ್. ಝೀರಾ ಅಂದರೆ ಒರತೆ. ಹದಿನಾರನೇ ಶತಮಾನದ ಆರಂಭದಲ್ಲಿ ಗುರು ನಾನಕರು ಇತ್ತ ಬಂದಾಗ ಬೀದರಿನಲ್ಲಿ ಕುಡಿಯುವ ನೀರಿಗೆ ಬಹಳ ಕಷ್ಟ ಇತ್ತಂತೆ. ಅವರು ಗುಡ್ಡದ ಬದಿಯ ಒಂದು ಕಲ್ಲು ಸರಿಸಿದರು, ಸಿಹಿನೀರು ಚಿಮ್ಮಿತು ಅನ್ನುವುದು ಇಲ್ಲಿಯ ನಂಬಿಕೆ. ಆ ನೀರು ಈಗಲೂ ಹರಿಯುತ್ತದೆ. ಬೀದರಿಗೂ ಸಿಖ್ಖರಿಗೂ ಇನ್ನೊಂದು ನಂಟು ಇದೆ. 1699ರ ಬೈಸಾಖಿಯಲ್ಲಿ ಆನಂದಪುರದಲ್ಲಿ ಸಿಖ್ಖರ ಹತ್ತನೇ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರಿದ್ದೀರಿ ಅಂತ ಕೇಳಿದಾಗ ಎದ್ದು ನಿಂತ ಐವರಲ್ಲಿ ಒಬ್ಬರಾದ ಭಾಯಿ ಸಾಹಿಬ್ ಸಿಂಗ್ ಈ ಊರಿನವರು. ಕ್ಷೌರ ಮಾಡುವ ಮನೆತನದವರು. ನಮ್ಮ ಕನ್ನಡದ ಶಾಲೆಯಲ್ಲಿ ಇದನ್ನು ಯಾರೂ ನನಗೆ ಹೇಳಿರಲಿಲ್ಲ.

ನನ್ನ ಕಣ್ಣು ಅಡುಗೆಮನೆಯ ಮೇಲಿತ್ತು. ದೊಡ್ಡ ಹಂಡೆಯಲ್ಲಿ ದಾಲ್ ತಿರುವುವುದು, ಸಾಲಾಗಿ ಕೂತವರಿಗೆ ಬಡಿಸುವುದು. ಫೋಟೋಗೂ ಚೆನ್ನಾಗಿರುತ್ತದೆ, ಅಲ್ವಾ? ಅಲ್ಲಿದ್ದವರು ಇಲ್ಲಿ ಜನ ಸಾಕಷ್ಟಿದ್ದಾರೆ ಅಂತ ಹೇಳಿ ನನ್ನನ್ನು ಜೋಡಾ ಘರ್‌ಗೆ ಕಳಿಸಿದರು. ಅಂದರೆ ಚಪ್ಪಲಿ ಇಡುವ ಜಾಗ.

ಅಲ್ಲಿ ನೀಲಿ ಪೇಟದ ಒಬ್ಬರು ಅಜ್ಜ ಇದ್ದರು. ನಾನು ಫಾರ್ಮ್ ತೋರಿಸಿ ವಿಷಯ ಹೇಳಿದೆ. ಅದನ್ನು ಅವರು ನೋಡಲೇ ಇಲ್ಲ.

"ಬೇಟಾ, ಲಂಗರ್ ಛಕಾ?"

ಊಟ ಆಯ್ತಾ ಅಂತ. ಲಂಗರ್ ಅಂದರೆ ಗುರುದ್ವಾರದಲ್ಲಿ ಎಲ್ಲರಿಗೂ ಬಡಿಸುವ ಊಟ. ಮೊದಲು ಸೇವೆ ಬಾಬಾಜಿ, ಆಮೇಲೆ ಊಟ ಅಂದೆ. ಅವರು ತಲೆ ಅಲ್ಲಾಡಿಸಿ, "ಪೆಹಲೇ ಪಂಗತ್, ಪೀಛೇ ಸಂಗತ್" ಅಂದರು. ಮೊದಲು ಊಟದ ಪಂಕ್ತಿ, ಆಮೇಲೆ ಸತ್ಸಂಗ ಅಂತ. ಮೂರನೇ ಗುರು ಅಮರದಾಸರ ಕಾಲದ ಕಟ್ಟಳೆ ಇದು. ಗುರುವನ್ನು ನೋಡಲು ಬಂದವರು ಯಾರೇ ಇರಲಿ, ಮೊದಲು ಎಲ್ಲರ ಜೊತೆ ನೆಲದ ಮೇಲೆ ಕೂತು ಉಣ್ಣಬೇಕು. ಅಕ್ಬರನೂ ಹಾಗೇ ಕೂತು ಉಂಡ ಅನ್ನುತ್ತಾರೆ. ನನಗೆ ಗಡಿಯಾರದ ಚಿಂತೆ. ಹಸಿವಿಲ್ಲ ಅಂತ ಸುಳ್ಳು ಹೇಳಿ ಒಳಗೆ ನಿಂತುಬಿಟ್ಟೆ.

ಕೆಲಸ ಸುಲಭ. ಚಪ್ಪಲಿ ತಗೋಬೇಕು, ಗೂಡಿನಲ್ಲಿಡಬೇಕು, ನಂಬರಿನ ಬಿಲ್ಲೆ ಕೊಡಬೇಕು. ಬಟ್ಟೆಯಿಂದ ಧೂಳು ಒರೆಸುವುದೂ ಇತ್ತು. ಮೊದಲರ್ಧ ಗಂಟೆ ನಾನು ಎಂಥ ವಿನಯವಂತೆ ಅಂತ ನನಗೇ ಭಾರಿ ಮೆಚ್ಚುಗೆ. ಆಮೇಲೆ ಒಬ್ಬ ಹುಡುಗ ಕೆಸರಿನ ಶೂಗಳನ್ನು ಕಾಲಿನಿಂದಲೇ ನನ್ನ ಕಡೆ ತಳ್ಳಿದ. ಮೈ ಉರಿದುಹೋಯಿತು. ಅಜ್ಜ ಬಗ್ಗಿ ಎತ್ತಿಕೊಂಡು, ಒರೆಸಿ, ಬಿಲ್ಲೆ ಕೊಟ್ಟರು. ಅವರಿಗೆ ಅದೂ ಒಂದು ಜೋಡಿ, ಅಷ್ಟೇ.

ಇದೇ ಕೆಲಸ ಶಿಕ್ಷೆಯೂ ಹೌದು. ತಪ್ಪು ಮಾಡಿದವರಿಗೆ ಸಿಖ್ಖರ ಅತ್ಯುನ್ನತ ಧರ್ಮಪೀಠವಾದ ಅಮೃತಸರದ ಅಕಾಲ ತಖ್ತ್ ಪಾತ್ರೆ ತೊಳೆ, ಶೂ ಒರೆಸು ಅಂತ ಹೇಳುತ್ತದೆ. ಮಾಜಿ ಮುಖ್ಯಮಂತ್ರಿಗಳು, ಕೇಂದ್ರ ಮಂತ್ರಿಗಳಾಗಿದ್ದವರು ಕೂಡ ಕೂತು ಒರೆಸಿದ್ದಾರೆ. ಅವರ ಪಕ್ಕದಲ್ಲೇ ಯಾವ ತಪ್ಪೂ ಮಾಡದವರು ಅದನ್ನೇ ಕೇಳಿ ಪಡೆದು ಒರೆಸುತ್ತಿರುತ್ತಾರೆ. ನೋಡಿದವರಿಗೆ ಯಾರು ಯಾರು ಅಂತ ಗೊತ್ತಾಗುವುದಿಲ್ಲ. ನಾನು ಯಾವ ಪೈಕಿ ಅಂತ ಯೋಚಿಸುತ್ತಿದ್ದಾಗಲೇ 68 ಮತ್ತು 86 ಅದಲು ಬದಲಾಯಿತು.

ನಾಂದೇಡದಿಂದ ಬಂದ ಒಂದು ಸಂಸಾರ ಬರಿಗಾಲಲ್ಲಿ ಬಿಸಿಲಲ್ಲಿ ನಿಂತಿತು. ಚಪ್ಪಲಿ ಹುಡುಕಲು ಇಪ್ಪತ್ತು ನಿಮಿಷ ಹಿಡಿಯಿತು. ಹುಡುಕಿದ್ದು ಅಜ್ಜ. ಆ ಮನೆಯ ಹೆಂಗಸು ನನಗೇ ಕೈಮುಗಿದು ಹೋದಳು. "ಕೋಈ ಗಲ್ ನಹೀಂ", ಪರವಾಗಿಲ್ಲ ಅಂದ ಅಜ್ಜ ಮತ್ತೆ ಅದನ್ನೇ ಕೇಳಿದರು, "ಲಂಗರ್ ಛಕಾ?"

ಈ ಸಲ ಎದ್ದು ಹೋದೆ. ಪಂಗತಿಯಲ್ಲಿ ನನ್ನ ಪಕ್ಕ ಒಬ್ಬ ಆಟೋ ಡ್ರೈವರ್ ಕೂತಿದ್ದ. ರೊಟ್ಟಿ ಕೊಡುವಾತ ಬಂದಾಗ ಅಭ್ಯಾಸಬಲದಿಂದ ಒಂದು ಕೈ ಚಾಚಿದೆ. ಆತ ಕೊಡಲಿಲ್ಲ, ಕಾದ. ಪಕ್ಕದವನು ಎರಡೂ ಕೈ ಜೋಡಿಸಿ ತೋರಿಸಿದ. ಹಾಗೆ ಬೊಗಸೆ ಒಡ್ಡಿ ಊಟ ಇಸಿದುಕೊಂಡು ಎಷ್ಟು ವರ್ಷ ಆಗಿತ್ತೋ. ಗಂಟಲು ಕಟ್ಟಿತು. ಯಾಕೆ ಅಂತ ಈಗಲೂ ಸರಿಯಾಗಿ ಹೇಳಲಾರೆ. ದಾಲ್ ತುಂಬಾ ರುಚಿಯಾಗಿತ್ತು, ಎರಡು ಸಲ ಹಾಕಿಸಿಕೊಂಡೆ.

ಒಳಗೆ ಸುಖಮನಿ ಸಾಹಿಬ್ ಅನ್ನುವ ಸಿಖ್ಖರ ಪ್ರಾರ್ಥನೆಯ ಪಾರಾಯಣ ನಡೆದಿತ್ತು. ಅದರಲ್ಲಿ 'ನಿಹಕಾಮೀ' ಆಗಿ ಸೇವೆ ಮಾಡುವವನಿಗೆ ಸ್ವಾಮಿ ಸಿಗುತ್ತಾನೆ ಅನ್ನುವ ಸಾಲಿದೆ. ನಮ್ಮ ನಿಷ್ಕಾಮಿಯೇ, ಪಂಜಾಬಿನ ನಾಲಿಗೆಯಲ್ಲಿ.

ಹೊರಡುವಾಗ ನಾಚಿಕೆಯಿಂದಲೇ ಫಾರ್ಮ್ ಮುಂದಿಟ್ಟೆ. ಅಜ್ಜ ಕನ್ನಡಕ ಏರಿಸಿ, ನಿಧಾನವಾಗಿ ಪಂಜಾಬಿಯ ಗುರುಮುಖಿ ಲಿಪಿಯಲ್ಲಿ ಒಂದು ಸಾಲು ಬರೆದು ಸಹಿ ಹಾಕಿದರು. ಬೆಂಗಳೂರಿನಲ್ಲಿ ಅದನ್ನು ಓದಬಲ್ಲವರು ಕೋರ್ಸಿನ ಆಫೀಸಿನಲ್ಲಿ ಇರಲಿಲ್ಲ. ಸಹಿ ನೋಡಿ ಫೈಲಿಗೆ ಸೇರಿಸಿದರು. ನಾನು ಪಾಸಾದೆ.

ಫಾರ್ಮಿನ ಫೋಟೋ ಫೋನಿನಲ್ಲಿ ಉಳಿದಿತ್ತು. ಎಷ್ಟೋ ತಿಂಗಳಾದ ಮೇಲೆ ಜೊತೆಗೆ ಕೆಲಸ ಮಾಡುವ ಪಂಜಾಬಿ ಹುಡುಗನಿಗೆ ತೋರಿಸಿದೆ. ಅವನು ಓದಿ ನಕ್ಕ. 'ಸೇವೆಯ ವಿವರ' ಅಂತಿದ್ದ ಜಾಗದಲ್ಲಿ ಅಜ್ಜ ಬರೆದದ್ದು ಇಷ್ಟೇ: "ಮಗಳು ಲಂಗರಿನಲ್ಲಿ ಊಟ ಮಾಡಿದಳು."