ಹತ್ತು ಗಂಟೆಯ ಸೂರ್ಯ, ಏಳೂವರೆಯ ಊಟ

ಯೂರೋಪ್ ಟೂರಿಗೆ ಹೊರಟವರು ನನ್ನನ್ನು ಕೇಳುವುದು, ಫೋಟೋ ತೆಗೆಯಲು ಯಾವ ಲೆನ್ಸ್ ತಗೊಂಡು ಹೋಗಲಿ ಅಂತ. ನಾನು ತಿರುಗಿ ಕೇಳುವುದು, ರಾತ್ರಿ ಊಟ ಎಷ್ಟು ಹೊತ್ತಿಗೆ ಇಟ್ಟಿದ್ದಾರೆ ಅಂತ. ನಾನೂ ಅಮ್ಮನೂ ಹೋದ ಗುಂಪಿಗೆ ದಿನಾ ಏಳೂವರೆಗೆ ಇಂಡಿಯನ್ ಡಿನ್ನರ್, ಅದು ಮುಗಿದರೆ ಬಸ್ಸು ಸೀದಾ ಊರಾಚೆಯ ಹೋಟೆಲಿಗೆ. ಜೂನ್ ಕೊನೆಯಲ್ಲಿ ಪ್ಯಾರಿಸ್‌ನಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ! ಒಳ್ಳೆಯ ಬೆಳಕು ಶುರುವಾಗುವಾಗ ಇಡೀ ಗುಂಪು ರೂಮಿನಲ್ಲಿ ಪರದೆ ಎಳೆದು ಮಲಗಲು ನೋಡುತ್ತಿರುತ್ತದೆ. ಅಷ್ಟು ದುಡ್ಡು ಕೊಟ್ಟು ಅಷ್ಟು ದೂರ ಹೋದವರಿಗೆ ಮಧ್ಯಾಹ್ನದ ಚಿತ್ರಗಳಷ್ಟೇ ಸಿಗುವುದು ನನಗೆ ನಿಜವಾಗಿ ಸಂಕಟ ತರುತ್ತದೆ.

ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳಿಕೊಡುವವಳಾದ್ದರಿಂದ ಕಾರಣವನ್ನೂ ಹೇಳಿಬಿಡುತ್ತೇನೆ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬಂದು, ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಸಂಜೆ ಇಳಿಯುವಾಗಲೂ ಹೆಚ್ಚುಕಡಿಮೆ ನೆಟ್ಟಗೇ ಇಳಿಯುತ್ತಾನೆ. ಮುಳುಗಿ ಇಪ್ಪತ್ತೈದು ನಿಮಿಷದೊಳಗೆ ಕತ್ತಲು. ಲಾಲ್‌ಬಾಗಿನ ಬಂಡೆಯ ಮೇಲೆ ನಿಂತು ಸಂಜೆ ಫೋಟೋ ತೆಗೆದವರಿಗೆ ಆ ಅವಸರ ಗೊತ್ತು: ಫಿಲ್ಟರ್ ಬದಲಾಯಿಸುವಷ್ಟರಲ್ಲಿ ಬಣ್ಣ ಹೋಗಿರುತ್ತದೆ. ಪ್ಯಾರಿಸ್ ಇರುವುದು 49 ಡಿಗ್ರಿಯ ಹತ್ತಿರ. ಅಲ್ಲಿ ಸೂರ್ಯ ದಿಗಂತಕ್ಕೆ ಓರೆಯಾಗಿ ಜಾರುತ್ತಾನೆ. ಮುಳುಗುವ ಮುಂಚಿನ ಬಂಗಾರದ ಬೆಳಕು ಮುಕ್ಕಾಲು ಗಂಟೆ, ಮುಳುಗಿದ ಮೇಲೆ ಆಕಾಶದ ನೀಲಿ ಬೆಳಕು ಇನ್ನೂ ಸುಮಾರು 40 ನಿಮಿಷ. ಮೇಲೆ, ಬೇಸಿಗೆಯಲ್ಲಿ ಗಡಿಯಾರವನ್ನೂ ಒಂದು ಗಂಟೆ ಮುಂದಿಟ್ಟಿರುತ್ತಾರೆ.

ಹಾಗಾಗಿ ಒಂದು ದಿನ ಟೂರ್ ಮ್ಯಾನೇಜರಿಗೆ, ನಾವಿಬ್ಬರೂ ಊಟಕ್ಕೆ ಬರುವುದಿಲ್ಲ, ಹೋಟೆಲಿಗೆ ನಾವೇ ಬರುತ್ತೇವೆ ಅಂತ ಬರೆದುಕೊಟ್ಟೆ. ‘ಕತ್ತಲಲ್ಲಿ ದಾರಿ ಗೊತ್ತಾಗತ್ತೇನೇ?’ ಅಂದರು ಅಮ್ಮ. ಕತ್ತಲೇ ಆಗಲ್ಲಮ್ಮ ಅಂದೆ. ಡಬ್ಬಿಯಲ್ಲಿ ಅವಲಕ್ಕಿ, ಚಟ್ನಿಪುಡಿ. ಪೋಂ ದೆಜಾರ್ ಅಂತ ಸೆನ್ ನದಿಯ ಮೇಲೆ ನಡೆದಾಡುವವರಿಗಷ್ಟೇ ಇರುವ ಸೇತುವೆ, ಲೂವ್ರ್ ಮ್ಯೂಸಿಯಂ ಪಕ್ಕದಲ್ಲೇ. ಅಲ್ಲಿ ಎಲ್ಲರೂ ಸೂರ್ಯನ ಕಡೆ ಮುಖ ಮಾಡಿ ಕೂತಿದ್ದರು. ಬೆನ್ನು ಹಾಕಿ ಪೂರ್ವಕ್ಕೆ ನೋಡಬೇಕು. 1607ರಲ್ಲಿ ಮುಗಿದ ಪೋಂ ನಫ್ ಸೇತುವೆಯ ಕಮಾನುಗಳಿಗೆ ಇಳಿಬಿಸಿಲು ನೇರ ಬಡಿಯುತ್ತದೆ. ಪ್ಯಾರಿಸ್‌ನ ಕಟ್ಟಡಗಳ ಸುಣ್ಣಕಲ್ಲು ಹಾಲುಕೆನೆ ಬಣ್ಣದ್ದು. ನಮ್ಮ ಬೂದು ಗ್ರಾನೈಟಿನ ಹಾಗಲ್ಲ, ಬೆಳಕು ಯಾವ ಬಣ್ಣವೋ ತಾನೂ ಅದೇ ಆಗುತ್ತದೆ. ಒಂಬತ್ತಕ್ಕೆ ಹಳದಿ, ಒಂಬತ್ತೂವರೆಗೆ ಜೇನು, ಹತ್ತರ ಹೊತ್ತಿಗೆ ತಿಳಿಗುಲಾಬಿ. ಟ್ರೈಪಾಡ್ ಬೇಕಾಗಲೇ ಇಲ್ಲ. ಕಂಬಿಯ ಮೇಲೆ ಮೊಣಕೈ ಊರಿ, ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆಯನ್ನು, ಅಂದರೆ ಐಎಸ್‌ಒವನ್ನು, 400ರಲ್ಲೇ ಇಟ್ಟು ತೆಗೆದೆ. ಅಮ್ಮ ಅವಲಕ್ಕಿ ತಿನ್ನುತ್ತಾ, ‘ಈಗ ನೋಡು, ಈಗ ನೋಡು’ ಅಂತ ನನಗೇ ತೋರಿಸತೊಡಗಿದರು. ಆ ಸಂಜೆಯ ಅತ್ಯುತ್ತಮ ಚಿತ್ರದ ಜಾಗ ಹುಡುಕಿದ್ದು ಅವರೇ.

ಗುಂಪು ಬಿಡಲು ಧೈರ್ಯ ಸಾಲದವರು ದಸರಾ ರಜೆಯಲ್ಲಿ ಹೋಗಿ. ಅಕ್ಟೋಬರ್ ಮಧ್ಯಕ್ಕೆ ಪ್ಯಾರಿಸ್‌ನಲ್ಲಿ ಏಳರ ಸುಮಾರಿಗೇ ಸೂರ್ಯಾಸ್ತ, ಬೆಳಕೂ ಊಟವೂ ಎರಡೂ ಸಿಗುತ್ತವೆ.

ಇನ್ನು ಮನುಷ್ಯರ ಚಿತ್ರ. ಇದರ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯವಿದೆ. ಕೆ.ಆರ್. ಮಾರ್ಕೆಟ್ಟಿನಲ್ಲಿ ಬೆಳಗಿನ ಜಾವ ಕ್ಯಾಮೆರಾ ಎತ್ತಿದರೆ, ‘ಅಕ್ಕಾ, ನಂದೊಂದು ತೆಗೀರಿ, ಹೂವಿನ ಸಮೇತ ಬರ್ಲಿ’ ಅನ್ನುತ್ತಾರೆ. ಆ ಸಲಿಗೆಯನ್ನು ಜರ್ಮನಿಗೆ ಹೊತ್ತುಕೊಂಡು ಹೋಗಬಾರದು. 1898ರಲ್ಲಿ ಜರ್ಮನಿಯ ಮೊದಲ ಚಾನ್ಸಲರ್ ಬಿಸ್ಮಾರ್ಕ್ ತೀರಿಕೊಂಡ ರಾತ್ರಿ ಇಬ್ಬರು ಫೋಟೋಗ್ರಾಫರುಗಳು ಮನೆಯೊಳಗೆ ನುಗ್ಗಿ ಹೆಣದ ಫೋಟೋ ತೆಗೆದಿದ್ದರು. ಆ ಗದ್ದಲದಿಂದ ಎದ್ದ ಚರ್ಚೆಯ ಫಲವಾಗಿ, ಒಬ್ಬರ ಚಿತ್ರವನ್ನು ಪ್ರಕಟಿಸಲು ಅವರ ಒಪ್ಪಿಗೆ ಬೇಕು ಎಂಬ ನಿಯಮ 1907ರ ಕಾನೂನಿನಲ್ಲಿ ಸೇರಿತು. ಕೆಲವು ವಿನಾಯಿತಿಗಳೊಂದಿಗೆ ಅದು ಇವತ್ತಿಗೂ ಇದೆ. ಕಾನೂನು ಇಲ್ಲದಿದ್ದರೂ ಕೇಳುವುದೇ ಸರಿ ಅಂತ ನನ್ನ ನಂಬಿಕೆ.

ಜರ್ಮನಿಯ ಹೈಡಲ್‌ಬರ್ಗ್ ಊರಿನ ಸಂತೆಯಲ್ಲಿ ಸ್ಟ್ರಾಬೆರಿ ಮಾರುತ್ತಿದ್ದ ಹೆಂಗಸಿಗೆ ಕ್ಯಾಮೆರಾ ತೋರಿಸಿ ಕೈಸನ್ನೆಯಲ್ಲಿ ಕೇಳಿದೆ. ಆಕೆ ಕೈ ಒರೆಸಿಕೊಂಡು ಏಪ್ರನ್ ಸರಿಮಾಡಿಕೊಂಡರು. ತೆಗೆದ ಮೇಲೆ, ಇಂಟರ್ನೆಟ್ಟಿಗೆ ಹಾಕುತ್ತೀರಾ ಅಂತ ಇಂಗ್ಲಿಷಿನಲ್ಲಿ ಕೇಳಿದರು. ಬೇಡವೆಂದರೆ ಇಲ್ಲ ಅಂದೆ. ಬೇಡ ಅಂದರು. ಸೇತುವೆಯ ಚಿತ್ರಗಳನ್ನು ಕೆಳಗೆ ಹಾಕಿದ್ದೇನೆ. ಆಕೆಯದನ್ನು ನೋಡಬೇಕೆಂದರೆ ಮನೆಗೇ ಬನ್ನಿ.