ಬಿಸಿಲು ಬೀಳುವ ಬೇಲಿಗೆ ಯಾವ ಗಿಡ?

ನರ್ಸರಿಗೆ ಹೋಗಿ ಬೇಲಿಗೆ ಗಿಡ ಕೊಡಿ ಅಂದರೆ ಮೊದಲು ತೋರಿಸುವುದು ಹಳದಿ ಎಲೆಯ ಡ್ಯುರಾಂಟಾ. ಬೇಗ ಬೆಳೆಯುತ್ತದೆ, ಬೆಲೆಯೂ ಕಡಿಮೆ, ಬಿಸಿಲು ಬಿದ್ದಷ್ಟೂ ಬಣ್ಣ ಚೆನ್ನ. ಆದರೆ ಮಳೆಗಾಲದಲ್ಲಿ ಕತ್ತರಿ ಕೆಳಗಿಡೋಕೆ ಬಿಡಲ್ಲ, ಬೇಸಿಗೆಯಲ್ಲಿ ನೀರು ತಪ್ಪಿದರೆ ಬಾಡುತ್ತದೆ. ಕತ್ತರಿಸದೆ ಬಿಟ್ಟರೆ ಬರುವ ಕಿತ್ತಳೆ ಬಣ್ಣದ ಕಾಯಿ ವಿಷ. ಪುಟ್ಟ ಮಕ್ಕಳಿರುವ ಮನೆಗೆ ನಾನಂತೂ ಹೇಳಲ್ಲ. ಕಣಗಿಲೆಯೂ ಅಷ್ಟೆ, ಬಿಸಿಲಿಗೆ ಜಗ್ಗಲ್ಲ ನಿಜ, ಆದರೆ ಎಲೆ, ಹೂವು, ಕಡ್ಡಿ ಎಲ್ಲವೂ ವಿಷ. ಕತ್ತರಿಸಿದ ಕಡ್ಡಿಯನ್ನು ಸುಡೋದೂ ಒಳ್ಳೆಯದಲ್ಲ, ಹೊಗೆಯೂ ಕೆಟ್ಟದ್ದು.

ಘಮ ಬೇಕು ಅನ್ನುವವರು ಕಾಡು ಕರಿಬೇವು ಹಾಕುತ್ತಾರೆ. ಕಡು ಹಸಿರು ಎಲೆ, ಬಿಳಿ ಹೂವು, ಸಂಜೆ ಹೊತ್ತಿಗೆ ಅಂಗಳವೆಲ್ಲ ಪರಿಮಳ. ನಿಧಾನಕ್ಕೆ ಬೆಳೆಯುವುದರಿಂದ ಕತ್ತರಿ ಕೆಲಸವೂ ಕಡಿಮೆ. ಆದರೆ ಹಿತ್ತಲಲ್ಲಿ ನಿಂಬೆ ಅಥವಾ ಮೋಸಂಬಿ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ನಿಂಬೆ ಜಾತಿಗೆ ಗ್ರೀನಿಂಗ್ ರೋಗ ಹರಡುವ ಸಣ್ಣ ಸಿಲ್ಲಾ ಕೀಟ ಈ ಗಿಡದ ಚಿಗುರಿನ ಮೇಲೂ ಮರಿ ಮಾಡುತ್ತದೆ. ಎರಡನ್ನೂ ಅಕ್ಕಪಕ್ಕ ಇಡೋದು ಬೇಡ.

ನಮ್ಮ ತುಮಕೂರು, ಚಿತ್ರದುರ್ಗದ ಕಡೆಯ ಬಿಸಿಲಿಗೆ ನನ್ನ ಆಯ್ಕೆ ‘ಬಂದರೆ’ ಅನ್ನುವ ಗಿಡ. ಕೆಲವರು ಬಂದರಿಕೆ ಅಂತಾರೆ. ಕಲ್ಲುಗುಡ್ಡದ ಮೇಲೆ ಯಾರೂ ನೀರು ಹಾಕದೆ ವರ್ಷಪೂರ್ತಿ ಹಸಿರಾಗಿ ನಿಲ್ಲುತ್ತಲ್ಲ, ಅದೇ. ಮಧ್ಯಾಹ್ನ ಅದರ ಚಿಗುರೆಲೆ ಮುಟ್ಟಿ ನೋಡಿ, ಬೆರಳಿಗೆ ಅಂಟು ಹತ್ತುತ್ತದೆ, ಎಲೆ ವಾರ್ನಿಶ್ ಹೊಡೆದ ಹಾಗೆ ಮಿನುಗುತ್ತದೆ. ಎಲೆಯಲ್ಲಿರುವ ನೀರು ಬೇಗ ಆರದ ಹಾಗೆ ಕಾಯುವುದರಲ್ಲಿ ಆ ಅಂಟಿನ ಪಾಲೂ ಇದೆ. ರುಚಿ ಕಹಿ, ಹಾಗಾಗಿ ದನ, ಮೇಕೆ ಬಾಯಿ ಹಾಕೋದು ತೀರಾ ಕಡಿಮೆ. ಬೀದಿ ಬದಿಯ ಬೇಲಿಗೆ ಇದಕ್ಕಿಂತ ದೊಡ್ಡ ಗುಣ ಬೇಕಾ? ಹೂವು ಕಣ್ಣಿಗೆ ಬೀಳದಷ್ಟು ಸಣ್ಣದು, ಆದರೆ ಆಮೇಲೆ ಬರುವ ರೆಕ್ಕೆಯಂಥ ಕಾಯಿಗಳು ಗೊಂಚಲು ಗೊಂಚಲಾಗಿ ಕೆಂಪೇರಿದಾಗ ಬಲು ಚೆಂದ. ನೀರು ನಿಲ್ಲುವ ಜಾಗ ಮಾತ್ರ ಇದಕ್ಕೆ ಆಗಲ್ಲ.

ಜೂನ್ ಮಳೆ ಹಿಡಿದ ಮೇಲೆ ನೆಡಿ. ಉದ್ದಕ್ಕೆ ಒಂದೂವರೆ ಅಡಿ ಆಳದ ಕಾಲುವೆ ತೋಡಿ, ಮಣ್ಣಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ. ಗಿಡದಿಂದ ಗಿಡಕ್ಕೆ ಒಂದೂವರೆ ಅಡಿ ಸಾಕು, ಎರಡು ಸಾಲು ಮಾಡುವುದಾದರೆ ಒಂದರ ಸಂದಿಗೆ ಇನ್ನೊಂದು ಬರಲಿ. ಮೊದಲ ಬೇಸಿಗೆ ದಾಟುವ ತನಕ ಬುಡಕ್ಕೆ ನೀರು ಕೊಡಿ. ಗಿಡ ಮೊಣಕಾಲೆತ್ತರ ಬಂದಾಗ ಕುಡಿ ಚಿವುಟಲೇಬೇಕು, ಎತ್ತರ ಬೇಗ ಬರಲಿ ಅಂತ ಸುಮ್ನೆ ಬಿಟ್ಟರೆ ಮೇಲೆ ಪೊದೆ, ಬುಡದಲ್ಲಿ ಬರೀ ಕಡ್ಡಿ, ನಾಯಿ ಆರಾಮಾಗಿ ನುಗ್ಗಿ ಬರುತ್ತದೆ. ಕತ್ತರಿಸುವಾಗ ಬುಡ ಅಗಲ, ತಲೆ ಸ್ವಲ್ಪ ಕಿರಿದು ಇರಲಿ, ಆಗ ಕೆಳಗಿನ ಎಲೆಗೂ ಬಿಸಿಲು ಸಿಗುತ್ತದೆ.

ಅಂಗಡಿ ನರ್ಸರಿಗಳಲ್ಲಿ ಬಂದರೆ ಗಿಡ ಸಿಗೋದು ಕಷ್ಟ, ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೇಳಿ ನೋಡಿ. ಇಲ್ಲದಿದ್ದರೆ ಒಣಗಿದ ಕಾಯಿಯ ಬೀಜ ಬಿಡಿಸಿ ಹಾಕಬಹುದು. ಬೀಜದ ಸಿಪ್ಪೆ ಗಟ್ಟಿ, ಬಿಸಿನೀರು ಸುರಿದು ರಾತ್ರಿಯಿಡೀ ನೆನೆಸಿಟ್ಟು ಬಿತ್ತಿದರೆ ಚೆನ್ನಾಗಿ ಮೊಳೆಯುತ್ತದೆ.