‘ನಿಮ್ಮ ಸಭೆಯಲ್ಲಿ ಆತ್ಮ ಇದೆಯಾ ಬ್ರದರ್?’ ಅನ್ನೋ ಪ್ರಶ್ನೆಗೆ ನನ್ನ ಉತ್ತರ

ನಾನು ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವನು ಅಂತ ಗೊತ್ತಾದ ಕೂಡಲೇ ಕೆಲವರು ಕೇಳುವ ಪ್ರಶ್ನೆ ಇದು. ಸಭೆ ಅಂದರೆ ಚರ್ಚು, ಆತ್ಮ ಅಂದರೆ ಪವಿತ್ರಾತ್ಮ. ಇನ್ನು ಕೆಲವರು ಸ್ವಲ್ಪ ಸುತ್ತಿ ಬಳಸಿ ಬರುತ್ತಾರೆ. ರಕ್ಷಣೆ ಹೊಂದಿದ್ದೀರಾ, ಯಾವ ವರ್ಷ, ನೀರಲ್ಲಿ ಮುಳುಗಿಸಿ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಕೊಟ್ಟರಾ ಅಥವಾ ಮಗುವಾಗಿದ್ದಾಗ ತಲೆ ಮೇಲೆ ನೀರು ಚಿಮುಕಿಸಿದ್ದಷ್ಟೇನಾ, ಅಭಿಷೇಕ ಆಗಿದೆಯಾ (ಪವಿತ್ರಾತ್ಮ ಮೇಲೆ ಬಂದಿದೆಯಾ), ಅನ್ಯಭಾಷೆ (ಆತ್ಮದ ಪ್ರೇರಣೆಯಿಂದ ಆಡುವ, ಕಲಿಯದ ಭಾಷೆ) ಬರುತ್ತಾ. ಒಂದೊಂದು ಉತ್ತರಕ್ಕೂ ನನ್ನ ಮಾರ್ಕ್ಸ್ ಏರೋದು ಇಳಿಯೋದು ಅವರ ಮುಖದಲ್ಲೇ ಕಾಣುತ್ತೆ.

ನಮ್ಮವರೇನೂ ಕಡಿಮೆ ಇಲ್ಲ. ಪೆಂಟೆಕೋಸ್ಟಲ್ ಸಭೆಯವರ ಬಗ್ಗೆ ‘ಅವರಾ, ಚಪ್ಪಾಳೆ ತಟ್ಟೋರು, ಕೂಗಾಡೋರು’ ಅಂತ ಒಂದೇ ಮಾತಲ್ಲಿ ಮುಗಿಸುತ್ತೇವೆ. ನಾಲ್ಕು ತಲೆಮಾರಿನ ಕ್ರೈಸ್ತರು ನಾವು, ನಮ್ಮ ಅಜ್ಜನ ಕಾಲದ ಗೀತೆಪುಸ್ತಕ ಇನ್ನೂ ಮನೆಯಲ್ಲಿದೆ ಅನ್ನೋದು ನಮ್ಮ ಕಡೆಯ ಅಳತೆಗೋಲು. ಕಥೋಲಿಕ ಗೆಳೆಯರ ಮನೆಗೆ ಹೋದರೆ ಅಲ್ಲೂ ಒಂದು ಲೆಕ್ಕ ಇರುತ್ತೆ: ಯಾರ ಮನೆಯಲ್ಲಿ ದಿನಾ ಜಪಸರ (ರೋಸರಿ) ಹೇಳ್ತಾರೆ, ಯಾರು ವೇಳಾಂಗಣಿಗೆ ನಡ್ಕೊಂಡು ಹೋದರು.

ಆ ಪ್ರಶ್ನೆಗೆ ನನ್ನ ಚಿಕ್ಕ ಉತ್ತರ: ಅಳೆದು ನೋಡಿಲ್ಲ, ಆ ಕೆಲಸವನ್ನು ನನಗೆ ಯಾರೂ ಕೊಟ್ಟಿಲ್ಲ. ದೊಡ್ಡ ಉತ್ತರ ಕೆಳಗಿದೆ. ಸಮಯ ಇದ್ದರೆ ಓದಿ.

ಒಬ್ಬರನ್ನೊಬ್ಬರು ಅಳೆಯುವ ಈ ರೋಗ ಹಳೇದು. ಮೊದಲ ಶತಮಾನದಲ್ಲಿ ಗ್ರೀಸಿನ ಕೊರಿಂಥದ ಸಭೆ ಶುರುವಾಗಿ ಕೆಲವೇ ವರ್ಷ ಆಗಿತ್ತು, ಅಷ್ಟರಲ್ಲೇ ಬೋಧಕರ ಹೆಸರು ಹಿಡಿದು ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು (ಅಂದರೆ ಪೇತ್ರನವನು) ಅಂತ ಗುಂಪುಗಳಾಗಿದ್ದವು. ಇದೆಲ್ಲ ಬೇಡ, ನಾನು ನೇರವಾಗಿ ಕ್ರಿಸ್ತನವನು ಅನ್ನೋ ಗುಂಪೂ ಒಂದಿತ್ತು, ನನಗೆ ಯಾವಾಗಲೂ ಜಾಸ್ತಿ ನಗು ಬರಿಸೋದು ಅವರೇ. ಅದೇ ಸಭೆಯಲ್ಲಿ ಅನ್ಯಭಾಷೆ ಮಾತಾಡುವವರು ಉಳಿದವರಿಗಿಂತ ಒಂದು ಮೆಟ್ಟಿಲು ಮೇಲೆ ಅಂದುಕೊಂಡಿದ್ದರು. ಆದರೆ ಪೌಲ ಆ ಸಭೆಗೆ ಬರೆದ ಮೊದಲ ಪತ್ರದ ಹನ್ನೊಂದನೇ ಅಧ್ಯಾಯವನ್ನೂ ಇದರ ಜೊತೆ ಇಟ್ಟು ಓದಬೇಕು. ಕರ್ತನ ಭೋಜನಕ್ಕೆ ಸೇರಿದಾಗ ಇದ್ದವರು ಮೊದಲೇ ತಿಂದು ಕುಡಿದು ಮುಗಿಸುತ್ತಿದ್ದರು, ಇಲ್ಲದವರು ಹಸಿದುಕೊಂಡೇ ಕೂತಿರುತ್ತಿದ್ದರು. ಅನ್ಯಭಾಷೆಯಂಥ ಪವಿತ್ರಾತ್ಮನ ವರಗಳಲ್ಲಿ ಶ್ರೀಮಂತವಾದ ಸಭೆ, ಪಕ್ಕದವನ ಹೊಟ್ಟೆ ನೋಡಲಿಲ್ಲ. ಪೌಲ ಅವರಿಗೆ ಏನಂದ ನೋಡಿ. ನಾನು ನಿಮ್ಮೆಲ್ಲರಿಗಿಂತ ಜಾಸ್ತಿ ಅನ್ಯಭಾಷೆ ಮಾತಾಡುತ್ತೇನೆ, ಆದರೆ ಸಭೆಯಲ್ಲಿ ಹತ್ತು ಸಾವಿರ ಮಾತು ಹಾಗೆ ಆಡೋದಕ್ಕಿಂತ ಜನಕ್ಕೆ ತಿಳಿಯುವಂಥ ಐದು ಮಾತು ಸಾಕು ಅಂದ.

ಹಾಗಾದರೆ ಅನ್ಯಭಾಷೆ ಸುಳ್ಳಾ ಅಂತ ಕೇಳಬೇಡಿ. ನಾನು ಹಾಗೆ ಹೇಳ್ತಾ ಇಲ್ಲ. ವರವನ್ನು ತಕ್ಕಡಿ ಮಾಡಿಕೊಂಡಿದ್ದರ ಬಗ್ಗೆ ಮಾತ್ರ ನನ್ನ ತಕರಾರು.

ಆ ತಕ್ಕಡಿಯ ಕತೆ ಕೇಳಿ. 1901ರಲ್ಲಿ ಅಮೆರಿಕದ ಕಾನ್ಸಾಸ್‌ನ ಟೊಪೀಕಾದಲ್ಲಿ ಚಾರ್ಲ್ಸ್ ಪಾರ್ಹಮ್ ಅನ್ನುವವರ ಬೈಬಲ್ ಶಾಲೆಯಲ್ಲಿ ಒಂದು ತೀರ್ಮಾನಕ್ಕೆ ಬಂದರು: ಪವಿತ್ರಾತ್ಮನ ದೀಕ್ಷಾಸ್ನಾನ ಆಗಿದೆ ಅನ್ನೋದಕ್ಕೆ ಅನ್ಯಭಾಷೆಯೇ ಗುರುತು. ಮುಂದೆ ಹ್ಯೂಸ್ಟನ್‌ನಲ್ಲಿ ಅವರು ಪಾಠ ಹೇಳುವಾಗ ವಿಲಿಯಂ ಸೀಮೋರ್ ಅನ್ನೋ ಕಪ್ಪು ಬೋಧಕರು ಕಲಿಯೋಕೆ ಬಂದರು. ಅಲ್ಲಿ ಬಿಳಿಯರ ಜೊತೆ ಕಪ್ಪು ಜನ ಕೂರುವ ಹಾಗಿರಲಿಲ್ಲ. ಸೀಮೋರ್ ಕೋಣೆಯ ಹೊರಗೆ ಕೂತು, ತೆರೆದ ಬಾಗಿಲಿನಿಂದ ಪಾಠ ಕೇಳಿಸಿಕೊಂಡರು. 1906ರಲ್ಲಿ ಲಾಸ್ ಏಂಜಲೀಸ್‌ನ ಅಜೂಸಾ ಬೀದಿಯಲ್ಲಿ ದೊಡ್ಡ ಉಜ್ಜೀವನ (ರಿವೈವಲ್, ಭಕ್ತಿಯ ಹೊಸ ಅಲೆ) ನಡೀತಲ್ಲ, ಅದನ್ನು ನಡೆಸಿದ್ದು ಇದೇ ಸೀಮೋರ್. ಕಪ್ಪು, ಬಿಳಿ ಜನ ಒಟ್ಟಿಗೆ ಮೊಣಕಾಲೂರಿದ್ದರು. ಪಾರ್ಹಮ್ ನೋಡೋಕೆ ಬಂದರು, ಆ ಬೆರಕೆಯನ್ನು ಕಂಡು ಅಸಹ್ಯಪಟ್ಟುಕೊಂಡರು. ಗುರುತು ಕಂಡುಹಿಡಿದ ಮನುಷ್ಯನಿಗೆ, ಆ ಗುರುತು ಕಣ್ಣೆದುರಿಗೇ ಕಂಡಾಗ, ಚರ್ಮದ ಬಣ್ಣ ಅಡ್ಡ ಬಂತು. ಸೀಮೋರ್ ಆಮೇಲಾಮೇಲೆ ಪ್ರೀತಿ ಇಲ್ಲದ ಭಾಷೆಯನ್ನು ಗುರುತು ಅಂತ ಒಪ್ಪಲೇ ಇಲ್ಲ. ನಮ್ಮಲ್ಲೂ ಬಣ್ಣದ ಜಾಗದಲ್ಲಿ ಜಾತಿ ಇಟ್ಟು ಓದಿಕೊಳ್ಳಬಹುದು. ಗಂಟೆಗಟ್ಟಲೆ ಪ್ರಾರ್ಥನೆ ಮಾಡಿ, ಮಗಳ ಮದುವೆ ಮಾತು ಬಂದಾಗ ‘ಅವರು ಮೊದಲು ಯಾವ ಜನ?’ ಅಂತ ಕೇಳುವವರು ನಿಮಗೂ ಗೊತ್ತಿರಬೇಕು.

ನಮ್ಮ ಕಡೆಯವರ ಕತೆಯೂ ಒಂದಿದೆ. ಬ್ರಾಹ್ಮಣ ಮನೆತನದ ಸಂಸ್ಕೃತ ವಿದುಷಿ ಪಂಡಿತಾ ರಮಾಬಾಯಿ ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ತಗೊಂಡರು. ಆಮೇಲೆ ಶುರುವಾಯಿತು ಪರೀಕ್ಷೆ. ತ್ರಿಯೇಕ ದೇವರ (ತಂದೆ, ಮಗ, ಪವಿತ್ರಾತ್ಮ ಸೇರಿ ಒಬ್ಬನೇ ದೇವರು) ವಿಷಯದಲ್ಲಿ ಇವರಿಗೆ ಸಂದೇಹ ಇದೆಯಲ್ಲ? ಸಸ್ಯಾಹಾರ ಬಿಟ್ಟಿಲ್ಲ, ಅಂದರೆ ಜಾತಿಯ ಗರ್ವ ಹೋಗಿಲ್ವಾ? ಅವರನ್ನು ಪ್ರೀತಿಯಿಂದ ನೋಡಿಕೊಂಡ ವಾಂಟೇಜ್ ಮಠದ ಸಿಸ್ಟರ್‌ಗಳೇ ಪತ್ರಗಳಲ್ಲಿ ಹೀಗೆಲ್ಲ ಜಗ್ಗಾಡಿದರು. ರಮಾಬಾಯಿ ಬಗ್ಗಲಿಲ್ಲ, ಒಂದೊಂದಕ್ಕೂ ವಾದ ಮಾಡಿ ಉತ್ತರ ಬರೆದರು. ಇತ್ತ ನಮ್ಮ ದೇಶದಲ್ಲಿ ಅವರು ಮತಾಂತರವಾದ ಹೆಂಗಸು, ಅತ್ತ ಇಂಗ್ಲೆಂಡಿನಲ್ಲಿ ಇನ್ನೂ ಪೂರ್ತಿ ಕ್ರೈಸ್ತಳಾಗದ ಹೆಂಗಸು! 1896-97ರ ಬರಗಾಲ ಬಂದಾಗ ಮಧ್ಯಪ್ರಾಂತ್ಯಕ್ಕೆ ಹೋಗಿ, ಹಸಿದು ಬೀದಿಗೆ ಬಿದ್ದಿದ್ದ ನೂರಾರು ಹೆಣ್ಣುಮಕ್ಕಳನ್ನು ಪುಣೆ ಹತ್ತಿರದ ಕೇಡಗಾಂವ್‌ಗೆ ಕರೆತಂದು ಸಾಕಿದ್ದು ಅದೇ ಹೆಂಗಸು. 1905ರಲ್ಲಿ ಅಲ್ಲಿನ ಮುಕ್ತಿ ಮಿಷನ್‌ನಲ್ಲಿ ಉಜ್ಜೀವನ ಆಯಿತು, ಅಳು, ಪಾಪದ ಅರಿಕೆ, ಆಮೇಲೆ ಅನ್ಯಭಾಷೆಯೂ ಬಂತು. ಅದನ್ನು ರಮಾಬಾಯಿ ತಡೆಯಲಿಲ್ಲ. ಆದರೆ ಎಲ್ಲರಿಗೂ ಬರಲೇಬೇಕು, ಬರದವರಿಗೆ ಆತ್ಮ ಇಲ್ಲ ಅಂತ ಗೆರೆಯನ್ನೂ ಎಳೆಯಲಿಲ್ಲ. ಆ ಹುಡುಗಿಯರು ಮೊದಲೇ ಊರೂರಲ್ಲಿ ಹಣೆಗೆ ಏನೇನೋ ಹಣೆಪಟ್ಟಿ ಹಚ್ಚಿಸಿಕೊಂಡು ಬಂದವರು, ಇಲ್ಲೂ ಒಂದು ಹಚ್ಚಿದ್ದರೆ ಏನಾಗುತ್ತಿತ್ತು ಯೋಚನೆ ಮಾಡಿ.

ಇಷ್ಟೆಲ್ಲ ಹಳೇ ಕತೆ ಯಾಕೆ ಹೇಳಿದೆ ಅಂದರೆ, ಇದರ ನಷ್ಟ ಯಾರಿಗೆ ಅನ್ನೋದು ಮುಖ್ಯ. ಮನೆ ಪ್ರಾರ್ಥನೆಗೆ ಹೋಗಿ ನೋಡಿ. ಹಾಲ್‌ನಲ್ಲಿ ಸೋಫಾ ಗೋಡೆಗೆ ಸರಿಸಿ, ಪಕ್ಕದ ಮನೆಯಿಂದ ತಂದ ಪ್ಲಾಸ್ಟಿಕ್ ಕುರ್ಚಿ ಹಾಕಿ, ನೆಲಕ್ಕೆ ಚಾಪೆ ಹಾಸಿರುತ್ತಾರೆ. ಒಬ್ಬೊಬ್ಬರಾಗಿ ಪ್ರಾರ್ಥನೆ ಮಾಡುತ್ತಾ ಬರುತ್ತಾರೆ. ಮೊದಲನೆಯವರು ಐದು ನಿಮಿಷ ಅಂದರೆ ಎರಡನೆಯವರು ಏಳು. ಮೂರನೆಯವರ ದನಿ ಇನ್ನೂ ಒಂದು ಸುತ್ತು ಮೇಲೆ. ಸಾಕ್ಷಿ ಹೇಳುವಾಗ ಸಾಲ ತೀರಿದ್ದು, ವೀಸಾ ಸಿಕ್ಕಿದ್ದು, ಉಪವಾಸದ ಎಷ್ಟನೇ ದಿನ ದೇವರು ಮಾತಾಡಿದ್ದು. ಮೂಲೆಯಲ್ಲಿ ಒಬ್ಬ ಅಕ್ಕ ಇರುತ್ತಾರೆ, ಮಗನಿಗೆ ಫಿಟ್ಸ್ ಬರುತ್ತೆ, ವರ್ಷಗಳಿಂದ ಬೇಡಿಕೊಂಡು ಬೇಡಿಕೊಂಡು ಸಾಕಾಗಿದೆ. ಅವರ ಸರದಿ ಬಂದಾಗ ‘ಸ್ತೋತ್ರ ಕರ್ತನೇ, ಎಲ್ಲದಕ್ಕೂ ಸ್ತೋತ್ರ’ ಅಂತ ಹೇಳಿ ಮುಗಿಸಿಬಿಡುತ್ತಾರೆ. ನನಗೆ ಪ್ರಾರ್ಥನೆ ಮಾಡೋಕೇ ಆಗ್ತಿಲ್ಲ ಅಂತ ಬಾಯಿಬಿಟ್ಟು ಹೇಳಿದರೆ ಮುಗೀತು. ಟೀ ಕುಡಿಯುವ ಹೊತ್ತಿಗೆ ಯಾರೋ ಹತ್ತಿರ ಬಂದು, ನಂಬಿಕೆ ಸಾಲದು ಸಿಸ್ಟರ್, ಮನೆಯಲ್ಲಿ ಏನಾದರೂ ಮುಚ್ಚಿಟ್ಟ ಪಾಪ ಇದೆಯಾ ನೋಡಿ ಅನ್ನುತ್ತಾರೆ. ಹೀಗೆ, ನೋವು ಹೇಳಿಕೊಳ್ಳಲಿ ಅಂತಾನೇ ಇರುವ ಜಾಗದಲ್ಲಿ ನೋವು ಮುಚ್ಚಿಡುವುದನ್ನು ಜನ ಕಲಿಯುತ್ತಾರೆ. ಮೆಚ್ಚುಗೆ ಸಿಗೋದು ಕಾಣುವುದಕ್ಕೆ, ಕೇಳುವುದಕ್ಕೆ ಮಾತ್ರ. ಆದ್ದರಿಂದ ಎಲ್ಲರೂ ಅದನ್ನೇ ರೂಢಿ ಮಾಡಿಕೊಳ್ಳುತ್ತಾರೆ.

ಆ ಅಕ್ಕನಿಗೆ ‘ನಂಬಿಕೆ ಸಾಲದು’ ಅಂದವರು ಪೌಲನಿಗೂ ಅದನ್ನೇ ಅನ್ನಬೇಕಾಗುತ್ತೆ. ತನ್ನ ಶರೀರದ ಮುಳ್ಳು (ಬಿಡದೆ ಕಾಡುತ್ತಿದ್ದ ಯಾವುದೋ ಬಾಧೆ) ತೆಗೆದುಬಿಡು ಅಂತ ಅವನು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಅಂತ ಉತ್ತರ ಬಂತು. ಅವನಿಗಿಂತ ದೊಡ್ಡ ಅಪೊಸ್ತಲರು (ಕ್ರಿಸ್ತ ಕಳಿಸಿದ ದೂತರು) ನಾವು ಅಂತ ಮೆರೆಯುತ್ತಿದ್ದವರ ಮುಂದೆ ಅವನು ಒಪ್ಪಿಸಿದ ಪಟ್ಟಿ ಯಾವುದು? ತಿಂದ ಏಟು, ಹಡಗು ಒಡೆದದ್ದು, ಹಸಿವು, ಚಳಿ, ಕೊನೆಗೆ ದಮಸ್ಕದ ಗೋಡೆಯ ಕಿಟಕಿಯಿಂದ ಬುಟ್ಟಿಯಲ್ಲಿ ಇಳಿದು ಓಡಿಹೋದದ್ದು. ಇಂಥ ಬಯೋಡೇಟಾ ಹಿಡ್ಕೊಂಡು ಬಂದರೆ ಇವತ್ತಿನ ಯಾವ ಕನ್ವೆನ್ಷನ್‌ನ ಪೋಸ್ಟರ್‌ನಲ್ಲೂ ಅವನ ಫೋಟೋ ಬರಲ್ಲ. ಮದರ್ ತೆರೇಸಾ ತೀರಿಕೊಂಡಿದ್ದು 1997ರಲ್ಲಿ. ಹತ್ತು ವರ್ಷ ಆದ ಮೇಲೆ ಅವರ ಖಾಸಗಿ ಪತ್ರಗಳು ಹೊರಬಂದವು. ಸುಮಾರು ಐವತ್ತು ವರ್ಷ ದೇವರು ಹತ್ತಿರ ಇದ್ದಾನೆ ಅನ್ನೋ ಅನುಭವವೇ ಅವರಿಗೆ ಇರಲಿಲ್ಲ, ಬರೀ ಕತ್ತಲೆ. ಹಾಗಿದ್ದೂ ದಿನಾ ಎದ್ದು ಸಾಯುವವರ ಮೈ ತೊಳೆದರು. ಅವರನ್ನು ನಿಮ್ಮ ಪಟ್ಟಿಯಲ್ಲಿ ಎಷ್ಟನೇ ಜಾಗದಲ್ಲಿ ಇಡ್ತೀರಿ?

ಯೇಸುವಿನ ಶಿಷ್ಯ ಪೇತ್ರ ಕೂಡ ಒಮ್ಮೆ ಹೀಗೆ ಪಕ್ಕದವನ ಲೆಕ್ಕಕ್ಕೆ ಇಣುಕಿದ್ದ. ಪುನರುತ್ಥಾನ ಆದ ಮೇಲೆ, ಸರೋವರದ ದಡದಲ್ಲಿ, ನಿನಗೆ ಎಂಥ ಸಾವು ಬರುತ್ತೆ ಅಂತ ಯೇಸು ಅವನಿಗೆ ಹೇಳಿದ ಕೂಡಲೇ ಹಿಂದೆ ತಿರುಗಿ ಯೋಹಾನನನ್ನು ನೋಡಿ, ಇವನ ಗತಿ ಏನು ಅಂತ ಕೇಳಿದ. ಅದು ನಿನಗೇನು, ನೀನು ನನ್ನ ಹಿಂದೆ ಬಾ ಅಂದುಬಿಟ್ಟರು.

ಇಷ್ಟು ಹೇಳಿದ ಮೇಲೂ ಒಂದು ಮಾತು ಬಂದೇ ಬರುತ್ತೆ: ‘ಹಾಗಾದ್ರೆ ಯಾರನ್ನೂ ಪರೀಕ್ಷೆ ಮಾಡಲೇಬಾರದಾ? ಫಲಗಳಿಂದ ತಿಳಿದುಕೊಳ್ಳಿ ಅಂತ ಮತ್ತಾಯನ ಏಳನೇ ಅಧ್ಯಾಯದಲ್ಲಿ ಇದೆಯಲ್ಲ?’ ಇದೆ. ಯಾರ ವಿಷಯದಲ್ಲಿ ಅಂತ ಹಿಂದಿನ ವಚನ ನೋಡಿ. ಕುರಿಯ ವೇಷದಲ್ಲಿ ಬರುವ ಸುಳ್ಳು ಪ್ರವಾದಿಗಳ ವಿಷಯ ಅದು. ಪಕ್ಕದಲ್ಲಿ ಕೂತ ವಿಶ್ವಾಸಿಯ ಮಾತೇ ಅಲ್ಲ. ಮುಂದೆಯೂ ಓದಿ. ನಿನ್ನ ಹೆಸರಲ್ಲಿ ಪ್ರವಾದನೆ ಹೇಳಿದೆವು, ದೆವ್ವ ಬಿಡಿಸಿದೆವು, ಮಹತ್ಕಾರ್ಯ ಮಾಡಿದೆವು ಅಂತ ಬಂದವರಿಗೆ, ನಿಮ್ಮ ಗುರುತೇ ನನಗಿಲ್ಲ ಅನ್ನುವ ಉತ್ತರ ಸಿಗುತ್ತೆ. ಅಂದರೆ ನಾವು ಮಾರ್ಕ್ಸ್ ಕೊಡುವ ಬಾಬತ್ತುಗಳೇ ಅಲ್ಲಿ ಫೇಲ್. ಪರೀಕ್ಷೆ ಮಾಡುವ ಆಸೆ ಅಷ್ಟೊಂದು ಇದ್ದರೆ ವೇದಿಕೆ ಮೇಲಿರುವವರಿಂದ ಶುರು ಮಾಡಿ. ದಶಮಾಂಶ (ಸಭೆಗೆ ಕೊಡುವ ಆದಾಯದ ಹತ್ತನೇ ಒಂದು ಪಾಲು), ಕಾಣಿಕೆಯ ಲೆಕ್ಕವನ್ನು ವರ್ಷಕ್ಕೊಮ್ಮೆಯಾದರೂ ಸಭೆಗೆ ಓದಿ ಹೇಳ್ತಾರಾ, ಆಡಿಟ್ ಆಗಿದೆಯಾ, ಆಸ್ತಿ ಯಾರ ಹೆಸರಲ್ಲಿದೆ ಅಂತ ಕೇಳಿ. ನಮ್ಮ ಸಭೆಯಲ್ಲೂ ಬಂದು ಕೇಳಿ, ನಾನೇ ಮೈಕ್ ಕೊಡಿಸ್ತೀನಿ.